ಒಂದು ಚಾಪೆಯಷ್ಟು ನೆಲ

ವಿಜಯಪುರದ ಜಾಮಿಯಾ ಮಸೀದಿಗೆ ಬಂದವರೆಲ್ಲ ಮೊದಲು ತಲೆ ಎತ್ತುತ್ತಾರೆ. ತಪ್ಪೇನಿಲ್ಲ. ಮೇಲೆ ಅಷ್ಟು ದೊಡ್ಡ ಗುಮ್ಮಟ, ಅದರ ಕೆಳಗೆ ಸುಣ್ಣ ಬಳಿದ ಕಮಾನುಗಳ ಸಾಲು, ಎದುರಿಗೆ ಪಶ್ಚಿಮದ ಗೋಡೆಯಲ್ಲಿ ಬಂಗಾರದ ಬಣ್ಣದ ಮೆಹರಾಬು, ನಮಾಜಿನ ದಿಕ್ಕು ತೋರುವ ಗೂಡು. ಗೈಡುಗಳೂ ನೇರ ಅಲ್ಲಿಗೇ ಕರೆದೊಯ್ಯುತ್ತಾರೆ. ನನ್ನ ಜೊತೆ ಬಂದವರಿಗೆ ಮಾತ್ರ ನಾನು ನೆಲ ನೋಡಿ ಅನ್ನುತ್ತೇನೆ. ಇಡೀ ನೆಲದ ಮೇಲೆ ಜಾನಮಾಜಿನ, ಅಂದರೆ ನಮಾಜಿನ ಚಾಪೆಯ, ಆಕಾರದಲ್ಲಿ ಗೆರೆ ಎಳೆದಿದ್ದಾರೆ. ಒಬ್ಬೊಬ್ಬನಿಗೆ ಒಂದೊಂದು ಚೌಕಟ್ಟು, ಅಂಥವು 2,000ಕ್ಕೂ ಹೆಚ್ಚು. ಮಸೀದಿ ಒಂದನೆಯ ಅಲಿ ಆದಿಲ್ ಶಾಹನದು, 1565ರ ತಾಳಿಕೋಟೆ ಯುದ್ಧ ಮುಗಿದ ಮೇಲೆ ಎದ್ದದ್ದು. ಗೆರೆಗಳು 1686ರಲ್ಲಿ ಊರನ್ನು ಗೆದ್ದ ಔರಂಗಜೇಬನ ಕಾಲದವು. ಕಟ್ಟಿಸಿದವನು ಶಿಯಾ, ಗೆರೆ ಎಳೆಸಿದವನು ಸುನ್ನಿ. ಇಬ್ಬರೂ ಹೋದರು. ನಮಾಜಿಗೆ ಒಬ್ಬ ಮನುಷ್ಯನಿಗೆ ಎಷ್ಟು ನೆಲ ಬೇಕು ಅನ್ನುವ ಲೆಕ್ಕ ಕಲ್ಲಿನ ಮೇಲೆ ಉಳಿದಿದೆ.

ನಿಂತರೆ ಎರಡು ಪಾದದ ಜಾಗ ಸಾಕು. ಬಾಗಿದರೆ ಇನ್ನಷ್ಟು. ಹಣೆ ನೆಲಕ್ಕೆ ಮುಟ್ಟಬೇಕಾದರೆ ಒಂದು ಚಾಪೆಯಷ್ಟು ಬೇಕು. ದಿನಕ್ಕೆ ಐದು ಸಲ ಇಷ್ಟೇ ನೆಲದ ಮೇಲೆ ನಡೆಯುವ ಆ ಕ್ರಿಯೆಯನ್ನು ಅದರ ಅಳತೆಗಳಿಗಾಗಿ, ಒಳ್ಳೆಯ ನೇಯ್ಗೆಯನ್ನು ಎಳೆ ಹಿಡಿದು ನೋಡುವ ಹಾಗೆ ನೋಡುವುದು ನನಗೆ ಇಷ್ಟ. ಧರ್ಮದ ಕಟ್ಟಳೆಗಳನ್ನು ಹೇಳುವುದಕ್ಕೆ ಮೌಲವಿಗಳಿದ್ದಾರೆ. ನನ್ನದು ರುಚಿಯ ಮಾತು.

ಮೊದಲು ಹೆಸರು. ಅರಬಿಯಲ್ಲಿ ಸಲಾತ್. ನಮಾಜ್ ಅನ್ನುವುದು ಫಾರಸಿಯಿಂದ ಬಂದದ್ದು, ಸಂಸ್ಕೃತದ ನಮಸ್ ಶಬ್ದಕ್ಕೆ ಒಡಹುಟ್ಟು. ನಮಸ್ಕಾರ, ನಮಾಜು ಎರಡೂ ಒಂದೇ ಬೇರಿನವು, ಬಾಗುವವು. ಕೇರಳದ ಮಾಪ್ಪಿಳೆಗಳೂ ನಮ್ಮ ಕರಾವಳಿಯ ಬ್ಯಾರಿಗಳೂ ಇನ್ನೂ ಒಂದು ಹೆಜ್ಜೆ ಹತ್ತಿರ ಬಂದು ‘ನಿಸ್ಕಾರ’ ಎನ್ನುತ್ತಾರೆ. ನಮಸ್ಕಾರವೇ ಬಾಯಿಂದ ಬಾಯಿಗೆ ಸವೆದು ಆದ ಮಾತು ಅದು. ಅರಬಿ ಪ್ರಾರ್ಥನೆಗೆ ಪಡುವಲ ಕಡಲ ದಂಡೆಯ ಜನ ತಮ್ಮ ಮನೆಯಲ್ಲಿದ್ದ ಹೆಸರನ್ನೇ ಇಟ್ಟರು.

ಇಸ್ಲಾಮಿನ ಐದು ಕಂಬಗಳಲ್ಲಿ ರೋಜಾ, ಅಂದರೆ ಉಪವಾಸ, ವರ್ಷಕ್ಕೆ ಒಂದು ತಿಂಗಳು. ಜಕಾತ್ ಇದ್ದವರಿಗೆ. ಹಜ್ ಕೈಲಾದವರಿಗೆ, ಅದೂ ಜನ್ಮದಲ್ಲಿ ಒಮ್ಮೆ. ಕಲಿಮಾ ನಂಬಿ ನುಡಿದರೆ ಸಾಕು, ಒಳಗೆ ಬಂದ ಹಾಗೆ. ಬಡವ ಬಲ್ಲಿದ ಅನ್ನದೆ, ದಿನ ತಪ್ಪದೆ ಬಾಗಿಲು ತಟ್ಟುವುದು ನಮಾಜು ಒಂದೇ. ಪ್ರವಾದಿಗಳು ಆಕಾಶಕ್ಕೇರಿದ ಮೇರಾಜಿನ ರಾತ್ರಿ ಅವರಿಗೆ ಇದು ಸಿಕ್ಕ ಕಥೆಯನ್ನು ನನ್ನ ದಾದಿ, ಅಪ್ಪನ ತಾಯಿ, ಸಂತೆಯ ಚೌಕಾಸಿಯ ಹಾಗೆ ಹೇಳುತ್ತಿದ್ದಳು. ಮೊದಲು ಆದ ಅಪ್ಪಣೆ ದಿನಕ್ಕೆ 50 ನಮಾಜು. ಇಳಿದು ಬರುವಾಗ ದಾರಿಯಲ್ಲಿ ಮೂಸಾ ಪ್ರವಾದಿ ತಡೆದು, ನನ್ನ ಜನರನ್ನು ನೋಡಿ ಬಲ್ಲೆ, ನಿನ್ನವರಿಂದ ಇಷ್ಟು ಆಗದು, ಹೋಗಿ ಕಡಿಮೆ ಮಾಡಿಸಿಕೊಂಡು ಬಾ ಎಂದರಂತೆ. ಹೋದರು, ಬಂದರು, ಮತ್ತೆ ಹೋದರು. ಐದಕ್ಕೆ ಇಳಿದಾಗಲೂ ಮೂಸಾ ‘ಇನ್ನೊಮ್ಮೆ’ ಎಂದರೆ, ಪ್ರವಾದಿಗಳು ಇನ್ನು ಕೇಳಲು ನನಗೆ ನಾಚಿಕೆ ಎಂದುಬಿಟ್ಟರಂತೆ. ಮಾಡುವುದು ಐದು, ಸಿಗುವ ಪುಣ್ಯ ಐವತ್ತರದು ಅನ್ನುವಲ್ಲಿಗೆ ವ್ಯವಹಾರ ಮುಗಿಯಿತು. ಇಷ್ಟು ದೊಡ್ಡ ಆಜ್ಞೆಯ ಹುಟ್ಟಿನಲ್ಲಿ ಮನುಷ್ಯನ ಬೆನ್ನಿನ ತ್ರಾಣದ ಬಗ್ಗೆ ಒಂದು ವಾದ ನಡೆದಿದೆ. ಅದು ನನಗೆ ಬಹಳ ಹಿಡಿಸುತ್ತದೆ.

ನಮಾಜಿಗೆ ಮುಂಚೆ ವಜೂ. ಮಣಿಕಟ್ಟಿನ ತನಕ ಕೈ, ಆಮೇಲೆ ಬಾಯಿ, ಮೂಗು, ಮುಖ, ಮೊಣಕೈ ತನಕ ತೋಳು. ಒದ್ದೆ ಕೈ ತಲೆಯ ಮೇಲೊಮ್ಮೆ ಹಾಯುತ್ತದೆ. ಕೊನೆಗೆ ಹರಡಿನ ತನಕ ಪಾದ. ಬೆರಳ ಸಂದುಗಳನ್ನೂ ಬಿಡುವ ಹಾಗಿಲ್ಲ. ಪ್ರವಾದಿಗಳಿಗೆ ವಜೂಕ್ಕೆ ಒಂದು ‘ಮುದ್’ ನೀರು ಸಾಕಾಗುತ್ತಿತ್ತು ಎಂದು ಅವರ ನಡೆನುಡಿಯ ವರದಿಯಾದ ಹದೀಸು ಹೇಳುತ್ತದೆ. ಮುದ್ ಎಂದರೆ ಎರಡು ಕೈ ಕೂಡಿದ ಒಂದು ಬೊಗಸೆ, ಇಂದಿನ ಲೆಕ್ಕದಲ್ಲಿ ಮುಕ್ಕಾಲು ಲೀಟರಿಗೂ ಕಡಿಮೆ. ಹರಿಯುವ ಹೊಳೆಯ ದಂಡೆಯಲ್ಲಿ ಕೂತಿದ್ದರೂ ಹೆಚ್ಚು ಚೆಲ್ಲಬಾರದು ಅನ್ನುವ ತಾಕೀತೂ ಇದೆ. ಬೇಸಿಗೆಯಲ್ಲಿ ಬಾವಿಯ ತಳ ಕಾಣುವ ನಮ್ಮ ಸೀಮೆಯವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ದಾದಿ ಒಂದು ತಂಬಿಗೆ ನೀರಲ್ಲಿ ವಜೂ ಮುಗಿಸಿ, ಉಳಿದದ್ದನ್ನು ಕರಿಬೇವಿನ ಬುಡಕ್ಕೆ ಹಾಕುತ್ತಿದ್ದಳು. ಅವಳು ನೀರು ಬಿಡುತ್ತಿದ್ದ ರೀತಿಯಲ್ಲೊಂದು ಹದವಿತ್ತು. ಮೊಣಕೈಯಿಂದ ಇಳಿದ ಎಳೆ ಬೆರಳ ತುದಿಗೆ ಬಂದು ಮುಗಿಯುತ್ತಿತ್ತು, ನಡುವೆ ಕಡಿಯುತ್ತಿರಲಿಲ್ಲ. ಈಗ ಮಸೀದಿಗಳಲ್ಲಿ ಸಾಲಾಗಿ ನಲ್ಲಿ ಬಂದಿವೆ. ನಲ್ಲಿ ಪೂರಾ ತಿರುವಿಟ್ಟು, ಪಕ್ಕದವನೊಡನೆ ಮಾತಾಡುತ್ತ ತೋಳು ತೊಳೆಯುವವರನ್ನು ಕಂಡಾಗ ನನಗೆ ಆ ಕರಿಬೇವಿನ ಗಿಡ ನೆನಪಾಗುತ್ತದೆ. ನೀರೇ ಇಲ್ಲದಿದ್ದರೆ ಶುದ್ಧ ಮಣ್ಣು ಸಾಕು. ಅಂಗೈ ಮಣ್ಣಿಗೆ ತಟ್ಟಿ ಮುಖಕ್ಕೆ, ಕೈಗೆ ಸವರಿಕೊಂಡರೆ ಆಯಿತು. ಅದಕ್ಕೆ ತಯಮ್ಮುಮ್ ಎಂದು ಹೆಸರು.

ಇನ್ನು ಹೊತ್ತು. ನನ್ನ ಮಟ್ಟಿಗೆ ನಮಾಜಿನ ಅತಿ ಸೊಗಸಾದ ಭಾಗ ಇದು. ಇವತ್ತು ಮಸೀದಿಯ ಗೋಡೆಯಲ್ಲಿ ಗಡಿಯಾರಗಳ ಹಲಗೆ ಇರುತ್ತದೆ, ಮೊಬೈಲಿನಲ್ಲಿ ಆ್ಯಪ್ ಇದೆ. ಆದರೆ ಐದರಲ್ಲಿ ಒಂದು ಹೊತ್ತನ್ನೂ ಗಡಿಯಾರ ಕಟ್ಟಿಕೊಟ್ಟದ್ದಲ್ಲ, ಎಲ್ಲ ಬೆಳಕು ಮತ್ತು ನೆರಳು ಕಟ್ಟಿಕೊಟ್ಟವು.

ಫಜರ್ ತೆಗೆದುಕೊಳ್ಳಿ. ನಸುಕಿನಲ್ಲಿ ಎರಡು ಬೆಳಗು ಇವೆ ಎನ್ನುತ್ತದೆ ಶಾಸ್ತ್ರ. ಮೊದಲನೆಯದು ಸುಬಹ್ ಕಾಜಿಬ್, ಸುಳ್ಳು ಬೆಳಗು. ಮೂಡಣದಲ್ಲಿ ಮಸುಕು ಬಿಳಿಯ ಒಂದು ಕಂಬ ನೆಟ್ಟಗೆ ಏಳುತ್ತದೆ. ಅರಬರು ಇದನ್ನು ತೋಳನ ಬಾಲ ಎಂದು ಕರೆದರು. ನಂಬಿ ಎದ್ದರೆ ಮೋಸ, ಸ್ವಲ್ಪ ಹೊತ್ತಿಗೆ ಮತ್ತೆ ಕತ್ತಲೆ. ಗ್ರಹಗಳು ಸುತ್ತುವ ಬಯಲಿನಲ್ಲಿ ಹರಡಿದ ಧೂಳಿನ ಮೇಲೆ ಸೂರ್ಯನ ಬೆಳಕು ಬಿದ್ದು ಹೀಗೆ ಕಾಣುತ್ತದೆ ಎಂದು ಖಗೋಳ ಬಲ್ಲವರು ವಿವರಿಸುತ್ತಾರೆ. ಅದಾದ ಮೇಲೆ ದಿಗಂತದ ಉದ್ದಕ್ಕೂ ಅಡ್ಡಡ್ಡಲಾಗಿ ಒಂದು ಬಿಳಿ ಅಂಚು ಹಬ್ಬುತ್ತದೆ. ಅದು ಸುಬಹ್ ಸಾದಿಕ್, ನಿಜ ಬೆಳಗು. ನೆಟ್ಟಗೆ ಎದ್ದದ್ದು ಸುಳ್ಳು, ಅಡ್ಡಡ್ಡ ಹಬ್ಬಿದ್ದು ನಿಜ. ಸೆಪ್ಟೆಂಬರ್ ಅಕ್ಟೋಬರಿನಲ್ಲಿ ಆಕಾಶ ತೊಳೆದಿಟ್ಟ ಹಾಗಿರುವಾಗ, ಊರ ದೀಪಗಳಿಂದ ದೂರ ಹೊಲದ ಬದುವಿನ ಮೇಲೆ ನಿಂತು ನೋಡಿ. ನಾನು ಒಮ್ಮೆ ಮಾತ್ರ ಸರಿಯಾಗಿ ನೋಡಿದ್ದೇನೆ. ಅವತ್ತಿನ ಫಜರಿನಲ್ಲಿ ಓದಿದ್ದು ಯಾವ ಸೂರಾ ಎಂದು ನೆನಪಿಲ್ಲ, ಆ ಅಂಚು ಮಾತ್ರ ಕಣ್ಣಲ್ಲಿದೆ.

ನೆತ್ತಿಯ ಮೇಲಿನ ಸೂರ್ಯ ಪಡುವಲಿಗೆ ಜಾರಿದ ಕೂಡಲೇ ಜೋಹರ್. ಸರಿಯಾಗಿ ನೆತ್ತಿಯಲ್ಲಿರುವ ಕ್ಷಣಕ್ಕೆ ನಮಾಜಿಲ್ಲ. ಹುಟ್ಟುವಾಗಲೂ ಇಲ್ಲ, ಮುಳುಗುವಾಗಲೂ ಇಲ್ಲ. ಸೂರ್ಯನಿಗೆ ಕೈಮುಗಿದಂತೆ ಆಗಬಾರದು ಎಂಬ ಎಚ್ಚರ ಇದರಲ್ಲಿದೆ. ಹೊತ್ತನ್ನೆಲ್ಲ ಸೂರ್ಯನಿಂದ ಕಡ ತಂದರೂ ಸೂರ್ಯನ ಹಂಗು ಬೇಡ ಅನ್ನುವ ನಿಷ್ಠುರ ಅದು. ನಮ್ಮ ನಾಡಿನ ಮಧ್ಯಾಹ್ನಗಳಿಗೆ ಇನ್ನೊಂದು ವಿಶೇಷವಿದೆ. ವರ್ಷದಲ್ಲಿ ಎರಡು ದಿನ ನೆಟ್ಟ ಕೋಲಿಗೆ ನೆರಳೇ ಇರುವುದಿಲ್ಲ. ಬೆಂಗಳೂರಿನಲ್ಲಿ ಏಪ್ರಿಲ್ 24ರ ಸುಮಾರಿಗೆ ಒಮ್ಮೆ, ಆಗಸ್ಟ್ 18ರ ಸುಮಾರಿಗೆ ಒಮ್ಮೆ. ವಿಜಯಪುರದಲ್ಲಿ ಮೇ ಮೊದಲ ವಾರದ ಆಸುಪಾಸು ಮತ್ತು ಆಗಸ್ಟ್ ಮೊದಲ ವಾರದ ಆಸುಪಾಸು. ಈ ಎರಡರ ನಡುವಿನ ಮೂರು ತಿಂಗಳು ಮಧ್ಯಾಹ್ನದ ನೆರಳು ದಕ್ಷಿಣಕ್ಕೆ ಬೀಳುತ್ತದೆ, ಉಳಿದಂತೆ ಉತ್ತರಕ್ಕೆ.

ಈ ನೆರಳೇ ಬೆಳೆದು ಅಸರ್ ಆಗುತ್ತದೆ. ಮಧ್ಯಾಹ್ನ ಎಷ್ಟು ನೆರಳಿತ್ತೋ ಅಷ್ಟನ್ನು ಬಿಟ್ಟು, ವಸ್ತುವಿನ ಎತ್ತರಕ್ಕೆ ನೆರಳು ಸಮವಾದಾಗ ಅಸರ್ ಶುರು ಎಂದು ಶಾಫಿ ಪಂಥದವರ ಲೆಕ್ಕ. ಎರಡು ಪಟ್ಟು ಆಗಬೇಕು ಎಂದು ಹನಫಿ ಪಂಥದವರದು. ನಮ್ಮಲ್ಲಿ ಇದು ಪುಸ್ತಕದ ತಕರಾರಾಗಿ ಉಳಿದಿಲ್ಲ. ಬ್ಯಾರಿಗಳು, ಭಟ್ಕಳದ ನವಾಯತರು ಶಾಫಿಗಳು, ಘಟ್ಟದ ಮೇಲಿನವರು ಹೆಚ್ಚಾಗಿ ಹನಫಿಗಳು. ಹಾಗಾಗಿ ಒಂದೇ ಮಧ್ಯಾಹ್ನ ಇಳಿಯುವಾಗ ಕರಾವಳಿಯ ಪಳ್ಳಿಗಳಲ್ಲಿ, ಅಂದರೆ ಮಸೀದಿಗಳಲ್ಲಿ, ಅಸರ್ ಮುಗಿದು ಜನ ಚಹಾ ಕುಡಿಯುತ್ತಿರುತ್ತಾರೆ, ವಿಜಯಪುರದಲ್ಲಿ ಇನ್ನೂ ಬಾಂಗೇ ಆಗಿರುವುದಿಲ್ಲ. ಮಂಗಳೂರಿನ ಗೆಳೆಯರ ಮನೆಗೆ ಹೋದಾಗಲೆಲ್ಲ ನಾನು ಈ ನೆರಳಿನ ಗಡಿ ದಾಟಿ ಬಂದಿರುತ್ತೇನೆ.

ಮಗ್ರಿಬ್ ಸೂರ್ಯ ಮುಳುಗಿದ ಮೇಲೆ. ಅದರ ಹೊತ್ತು ಚಿಕ್ಕದು, ಓಡಿ ಹೋಗುವಂಥದ್ದು. ಇಷಾ ಸಂಜೆಗೆಂಪು ಆರಿದ ಮೇಲೆ. ಇಲ್ಲೂ ಒಂದು ಸೊಗಸಾದ ಭಿನ್ನಮತ. ಕೆಂಪು ಆರಿದರೆ ಸಾಕು ಎಂದರು ಹೆಚ್ಚಿನ ಪಂಡಿತರು. ಕೆಂಪಿನ ಹಿಂದೆ ಉಳಿಯುವ ಬಿಳಿಯೂ ಆರಲಿ ಎಂದರು ಇಮಾಮ್ ಅಬೂ ಹನೀಫಾ. ಸಂಜೆಯ ಆಕಾಶವನ್ನು ಇಷ್ಟು ಬಿಡಿಸಿ ನೋಡಿದ ಜನ ದೊಡ್ಡ ಮಸೀದಿಗಳಲ್ಲಿ ಅದಕ್ಕೆಂದೇ ಒಂದು ಹುದ್ದೆ ಮಾಡಿದ್ದರು. ಅವನು ಮುವಕ್ಕಿತ್, ಹೊತ್ತು ಅಳೆಯುವವನು. ದಮಾಸ್ಕಸ್ಸಿನ ಉಮಯ್ಯದ್ ಮಸೀದಿಯಲ್ಲಿ ಆ ಕೆಲಸದಲ್ಲಿದ್ದ ಇಬ್ನ್ ಅಲ್ ಶಾತಿರ್ 14ನೇ ಶತಮಾನದ ದೊಡ್ಡ ಖಗೋಳಜ್ಞ. 1371ರ ಸುಮಾರಿಗೆ ಆತ ಅಲ್ಲಿನ ಮಿನಾರಿಗೆಂದು ಮಾಡಿದ ನೆರಳುಗಡಿಯಾರ ಪ್ರಸಿದ್ಧವಾದದ್ದು.

ಹೀಗಾಗಿ ನಮಾಜು ದಿನವೂ ಇದ್ದರೂ ಅದರ ಹೊತ್ತು ನಿನ್ನೆಯ ಜಾಗದಲ್ಲೇ ಕೂರುವುದಿಲ್ಲ. ನಮ್ಮೂರಲ್ಲಿ ಮಗ್ರಿಬ್ ಜೂನಿನಲ್ಲಿ ಏಳರ ಹತ್ತಿರ, ನವೆಂಬರ್ ಕೊನೆಗೆ ಆರಕ್ಕೂ ಮೊದಲು. ದಿನಾ ಅದನ್ನೇ ಮಾಡುತ್ತೀರಲ್ಲ, ಬೇಸರ ಬರುವುದಿಲ್ಲವೇ ಎಂದು ಕೇಳಿದವರಿಗೆ ನಾನು ಈ ಜರುಗುವಿಕೆಯನ್ನು ತೋರಿಸುತ್ತೇನೆ. ಅವರಿಗೆ ಅದು ಉತ್ತರ ಅನ್ನಿಸುತ್ತದೋ ಇಲ್ಲವೋ.

ಹೊತ್ತು ತಿಳಿಸುವುದು ಬಾಂಗು. ಜನರನ್ನು ಹೇಗೆ ಕರೆಯಬೇಕು ಎಂದು ಮದೀನಾದಲ್ಲಿ ಚರ್ಚೆ ನಡೆದಾಗ ಕೊಂಬು ಊದುವ, ಮರದ ತುಂಡು ಬಡಿಯುವ ಸಲಹೆಗಳು ಬಂದಿದ್ದವು. ಅಬ್ದುಲ್ಲಾ ಬಿನ್ ಜೈದ್ ಎಂಬ ಸಂಗಾತಿಗೆ ಕನಸಿನಲ್ಲಿ ಈ ಮಾತುಗಳು ಕೇಳಿದವು. ಅವನ್ನು ಬಿಲಾಲ್‌ಗೆ ಕಲಿಸು, ಅವನ ದನಿ ನಿನ್ನದಕ್ಕಿಂತ ಚೆನ್ನ ಎಂದರು ಪ್ರವಾದಿಗಳು. ಬಿಲಾಲ್ ಗುಲಾಮಗಿರಿಯಿಂದ ಬಿಡುಗಡೆಯಾದ ಅಬಿಸೀನಿಯಾ ಮೂಲದವರು. ಕನಸು ಕಂಡವನಿಗೆ ಸಿಗದ ಪಾಲು ಕಂಠ ಇದ್ದವನಿಗೆ ಸಿಕ್ಕಿತು. ಆಗ ಯಾವ ವಾದ್ಯವೂ ಗೆಲ್ಲಲಿಲ್ಲ, ಮನುಷ್ಯನ ಗಂಟಲು ಗೆದ್ದಿತು. ಕಿವಿಗೆ ಬೆರಳಿಟ್ಟು, ನಡುವೆ ಬಲಕ್ಕೊಮ್ಮೆ ಎಡಕ್ಕೊಮ್ಮೆ ಮುಖ ತಿರುಗಿಸಿ ಕೂಗುವ 15 ವಾಕ್ಯಗಳು. ನಸುಕಿನಲ್ಲಿ ಮಾತ್ರ ನಿದ್ದೆಗಿಂತ ನಮಾಜು ಮೇಲೆಂಬ ಮಾತು ಎರಡು ಸಲ ಸೇರಿ 17. ತುರ್ಕಿಯಲ್ಲಿ ಹೊತ್ತಿಗೊಂದು ಮಕಾಮಿನಲ್ಲಿ, ಅಂದರೆ ರಾಗದಲ್ಲಿ, ಬಾಂಗು ಕೊಡುವ ಪದ್ಧತಿಯಿದೆ. ನಸುಕಿಗೆ ಸಬಾ, ಸಂಜೆಗೆ ಸೆಗಾಹ್. ಬೆಳಗಿಗೆ ಭೈರವ, ಸಂಜೆಗೆ ಮಾರವಾ ಎಂದು ಕಿವಿ ಹದಗೊಂಡಿರುವ ಧಾರವಾಡದ ಕಡೆಯವರಿಗೆ ಇದು ಚಟ್ಟನೆ ಅರ್ಥವಾದೀತು. ಬಾಂಗು ಕೊಡುವ ನಮ್ಮ ಮುಅಜ್ಜಿನರಿಗೆ ಅಂಥ ಕಟ್ಟಿಲ್ಲ. ಒಬ್ಬೊಬ್ಬರದು ಒಂದೊಂದು ಎಳೆತ. ನಮ್ಮ ಓಣಿಯಲ್ಲಿ ಬಾಂಗು ಎಲ್ಲರ ಗಡಿಯಾರವಾಗಿತ್ತು. ಪಕ್ಕದ ಮನೆಯ ಗೌಡಶಾನಿ “ಬಾಂಗ್ ಆತು, ಏಳೋ, ಎಮ್ಮಿ ಹಿಂಡಬೇಕು” ಎಂದು ಮಗನನ್ನು ಎಬ್ಬಿಸುತ್ತಿದ್ದದ್ದು ಗೋಡೆಯಾಚೆಯಿಂದ ನಮಗೆ ಕೇಳುತ್ತಿತ್ತು. ಅದಕ್ಕೇ ನಮ್ಮ ಮನೆಯ ಕೆಲವರೂ ಏಳುತ್ತಿದ್ದರು. ಇವತ್ತು ನಾಲ್ಕು ಮಸೀದಿಯ ಮೈಕು ಅರ್ಧರ್ಧ ನಿಮಿಷದ ಅಂತರದಲ್ಲಿ ಒಂದರ ಮೇಲೊಂದು ಬಿದ್ದಾಗ ಯಾರ ದನಿಯೂ ಉಳಿಯುವುದಿಲ್ಲ. ಬಿಲಾಲರನ್ನು ಆರಿಸಿದ್ದು ದನಿಯ ಚಂದಕ್ಕೆ ಎಂಬುದನ್ನು ನಾವು ಮರೆತಿದ್ದೇವೆ.

ದನಿಯ ಮಾತು ಬಂತು, ನಮಾಜಿನ ಒಳಗಿನ ದನಿಯನ್ನೂ ಕೇಳಬೇಕು. ನಿಂತು, ಬಾಗಿ, ಹಣೆ ನೆಲಕ್ಕಿಟ್ಟು ಮುಗಿಯುವ ಒಂದು ಸುತ್ತಿಗೆ ರಕಾತ್ ಎಂದು ಹೆಸರು. ಫಜರ್ ಎರಡು ರಕಾತ್, ಜೋಹರ್ ನಾಲ್ಕು, ಅಸರ್ ನಾಲ್ಕು, ಮಗ್ರಿಬ್ ಮೂರು, ಇಷಾ ನಾಲ್ಕು. ಕಡ್ಡಾಯವಾದವು ದಿನಕ್ಕೆ 17. ಇವುಗಳಲ್ಲಿ ಹಗಲಿನ ಎರಡು ನಮಾಜು, ಜೋಹರ್ ಮತ್ತು ಅಸರ್, ಪಿಸುದನಿಯವು. ಇಮಾಮರ ತುಟಿ ಆಡುತ್ತದೆ, ಹಿಂದಿನವರಿಗೆ ಏನೂ ಕೇಳಿಸದು. ಕತ್ತಲೆಯ ಅಂಚಿನ ಮೂರರಲ್ಲಿ, ಅಂದರೆ ಫಜರ್, ಮಗ್ರಿಬ್, ಇಷಾಗಳ ಮೊದಲ ಎರಡು ರಕಾತಿನಲ್ಲಿ, ಕುರಾನು ಗಟ್ಟಿಯಾಗಿ ಕೇಳುತ್ತದೆ. ಸಂತೆ ಗದ್ದಲವಾಗಿರುವಾಗ ನಮಾಜು ಮೌನ, ಲೋಕ ಸುಮ್ಮನಾದಾಗ ಅದಕ್ಕೆ ಬಾಯಿ. ಯಾಕೆ ಹೀಗೆಂದು ಉಲಮಾಗಳು ಏನೇನೋ ಕಾರಣ ಕೊಟ್ಟಿದ್ದಾರೆ. ನನಗೆ ಇದು ತಂಬೂರಿಯ ಶ್ರುತಿ ಮತ್ತು ಹಾಡಿನ ಹಾಗೆ ಕೇಳುತ್ತದೆ. ಜೋಹರಿನ ನಾಲ್ಕು ರಕಾತುಗಳ ಉದ್ದಕ್ಕೂ ಮಸೀದಿಯಲ್ಲಿ ಫ್ಯಾನು, ಪಾರಿವಾಳ, ಬಟ್ಟೆಯ ಸರಬರ, ಯಾರದೋ ಮೊಣಕಾಲಿನ ಚಟಕ್ಕು, ನಡುನಡುವೆ ‘ಅಲ್ಲಾಹು ಅಕ್ಬರ್’, ಇಷ್ಟೇ. ಅದೇ ಇಮಾಮರು ಸಂಜೆ ಬಾಯಿ ತೆರೆದಾಗ ಇಡೀ ಹಗಲು ತಡೆದಿಟ್ಟದ್ದು ಹರಿದ ಹಾಗಿರುತ್ತದೆ.

ಮೈಯ ಚಲನೆಯೂ ಹೀಗೆಯೇ ಅಳತೆಯದು. ನಿಲ್ಲುವುದು ಕಿಯಾಮ್, ಮೊಣಕಾಲಿಗೆ ಕೈಯಿಟ್ಟು ಬೆನ್ನು ಸಮ ಮಾಡಿ ಬಾಗುವುದು ರುಕೂ, ಮತ್ತೆ ನೆಟ್ಟಗೆ ನಿಂತು, ನೆಲಕ್ಕೆ ಇಳಿದು ಸಜ್ದಾ, ಒಂದು ಕ್ಷಣ ಕೂತು ಮತ್ತೊಂದು ಸಜ್ದಾ. ಒಂದು ನಿಲುವಿಗೆ ಎರಡು ಸಜ್ದಾ ಅನ್ನುವ ಲೆಕ್ಕದಲ್ಲಿ ದಿನಕ್ಕೆ 34. ಸಜ್ದಾದಲ್ಲಿ ಏಳು ಅಂಗ ನೆಲಕ್ಕೆ ತಾಗಬೇಕು. ಮೂಗು ಸೇರಿ ಹಣೆ, ಎರಡು ಅಂಗೈ, ಎರಡು ಮೊಣಕಾಲು, ಎರಡು ಪಾದದ ಬೆರಳು. ಶಿಯಾಗಳು ಹಣೆಯ ಕೆಳಗೆ ಮಣ್ಣಿನ ಒಂದು ಚಿಕ್ಕ ಬಿಲ್ಲೆ ಇಟ್ಟುಕೊಳ್ಳುತ್ತಾರೆ. ಮನುಷ್ಯನ ಮೈಯಲ್ಲಿ ಅತಿ ಎತ್ತರದ್ದು ತಲೆ. ಅದು ಹಿಮ್ಮಡಿಗಿಂತ ಕೆಳಗೆ ಬರುವ ಭಂಗಿ ಇದು. ಅಲ್ಲಿ ಹೇಳುವುದು ಮಾತ್ರ ದೇವರು ಎಲ್ಲಕ್ಕಿಂತ ಮೇಲೆ ಎಂಬ ಮಾತು. ಅತಿ ತಗ್ಗಿನಲ್ಲಿ ಬಾಯಿಗೆ ಅತಿ ಎತ್ತರದ ಮಾತು ಕೊಟ್ಟ ಈ ಜೋಡಣೆಯನ್ನು ಯಾವ ಕವಿಯೂ ಮೆಚ್ಚಿಯಾನು.

ಆದರೆ ಇದರ ರುಚಿ ಹತ್ತುವುದು ನಿಧಾನಕ್ಕೆ. ಹದೀಸಿನಲ್ಲೊಂದು ಪ್ರಸಂಗವಿದೆ. ಒಬ್ಬ ಮಸೀದಿಗೆ ಬಂದು ಗಡಿಬಿಡಿಯಲ್ಲಿ ನಮಾಜು ಮುಗಿಸಿ ಪ್ರವಾದಿಗಳಿಗೆ ಸಲಾಮು ಹೇಳಿದ. ಹೋಗಿ ನಮಾಜು ಮಾಡು, ನೀನಿನ್ನೂ ಮಾಡಿಲ್ಲ ಎಂದರು ಅವರು. ಮೂರು ಸಲ ಹೀಗಾದ ಮೇಲೆ ಅವನು, ಇದಕ್ಕಿಂತ ಚೆನ್ನಾಗಿ ನನಗೆ ಬಾರದು, ಕಲಿಸಿಕೊಡಿ ಎಂದ. ಬಾಗಿದರೆ ಬಾಗಿದಲ್ಲಿ ನೆಮ್ಮದಿಯಾಗುವ ತನಕ ಇರು, ಎದ್ದರೆ ನೆಟ್ಟಗೆ ನಿಲ್ಲುವ ತನಕ ನಿಲ್ಲು ಎಂದು ಪಾಠವಾಯಿತು. ರಮಜಾನಿನಲ್ಲಿ ಕೆಲವೆಡೆ ರಾತ್ರಿಯ ತರಾವೀಹ್ ನಮಾಜು ಓಡುವ ವೇಗ ಕಂಡಾಗ ಆ ಮನುಷ್ಯ ನಮ್ಮ ಸಾಲಿನಲ್ಲೇ ನಿಂತಿದ್ದಾನೆ ಅನ್ನಿಸುತ್ತದೆ. ಮೂರು ಸಲ ತಿರುಗಿ ಕಳಿಸುವವರು ಯಾರೂ ಇಲ್ಲ.

ಸಾಲಿಗೆ ಸಫ್ ಎನ್ನುತ್ತೇವೆ. ಹೆಗಲಿಗೆ ಹೆಗಲು ತಾಗಬೇಕು, ನಡುವೆ ಸಂದು ಬಿಡಬಾರದು. ಮೊದಲು ಬಂದವನಿಗೆ ಮುಂದಿನ ಸಾಲು, ಅವನು ಹಮಾಲನಾಗಿರಲಿ ಸಾಹುಕಾರನಾಗಿರಲಿ. ಕಲಬುರಗಿ ಕೋಟೆಯೊಳಗೆ 1367ರ ಜಾಮಿಯಾ ಮಸೀದಿಯಿದೆ. ತೆರೆದ ಅಂಗಳವೇ ಇಲ್ಲದ, ಪೂರ್ತಿ ಮಾಡು ಹೊದಿಸಿದ ಕಟ್ಟಡ. ಅದರ ತಗ್ಗು ಅಗಲದ ಕಮಾನುಗಳ ಕೆಳಗೆ ನಿಂತರೆ ಸಫ್ ಅನ್ನುವುದನ್ನು ಕಲ್ಲುಗಾರೆಯಲ್ಲಿ ಕಟ್ಟಿದ್ದಾರೆ ಅನ್ನಿಸುತ್ತದೆ, ಒಂದರ ಹೆಗಲಿಗೆ ಇನ್ನೊಂದು ಆತು ನಿಂತ ಕಮಾನುಗಳು. ನಮಾಜು ಮುಗಿಯುವುದೂ ಹೆಗಲ ಕಡೆಗೆ ತಿರುಗಿಯೇ. ಬಲಕ್ಕೊಂದು ಸಲಾಮು, ಎಡಕ್ಕೊಂದು. ದೇವರ ಜೊತೆ ಶುರುವಾದ ಮಾತು ಪಕ್ಕದವನ ಕಡೆ ಮುಖ ಮಾಡಿ ಮುಗಿಯುತ್ತದೆ.

ಕಟ್ಟು ಇಷ್ಟು ಬಿಗಿಯಾಗಿದ್ದರೂ ಸಡಿಲವಾಗುವಲ್ಲಿ ಸಡಿಲವಾಗುತ್ತದೆ. ಪ್ರಯಾಣದಲ್ಲಿ ನಾಲ್ಕು ರಕಾತು ಎರಡಾಗುತ್ತದೆ. ನಿಲ್ಲಲಾಗದವರು ಕೂತು, ಕೂರಲಾಗದವರು ಮಲಗಿ, ಸನ್ನೆಯಲ್ಲೇ ಮಾಡಬಹುದು. ಮಲೇಷ್ಯಾದ ಶೇಖ್ ಮುಸ್ಜಫರ್ ಶುಕೂರ್ 2007ರಲ್ಲಿ ಬಾಹ್ಯಾಕಾಶ ನಿಲ್ದಾಣಕ್ಕೆ ಹೊರಟಾಗ ಅವರ ದೇಶದ ವಿದ್ವಾಂಸರು ಕೂತು ನಿಯಮ ಬರೆದರು. ಒಂದೂವರೆ ತಾಸಿಗೊಮ್ಮೆ ಸೂರ್ಯ ಹುಟ್ಟಿ ಮುಳುಗುವ ಕಡೆ ಐದು ಹೊತ್ತು ಯಾವುದು? ಹಾರಿದ ಊರಿನ ಹೊತ್ತನ್ನೇ ಹಿಡಿ ಎಂದರು. ಕಿಬ್ಲಾ, ಅಂದರೆ ನಮಾಜಿಗೆ ಮುಖ ಮಾಡುವ ದಿಕ್ಕು, ಯಾವ ಕಡೆ? ಆದರೆ ಕಾಬಾದ ಕಡೆ, ಇಲ್ಲವಾದರೆ ಭೂಮಿಯ ಕಡೆ, ಅದೂ ಆಗದಿದ್ದರೆ ಆದ ಕಡೆ. ನಮಗೆ ಇಲ್ಲಿ ಕಿಬ್ಲಾ ಪಡುವಣದಿಂದ ತುಸು ಉತ್ತರಕ್ಕೆ.

ದಾದಿ ಮಸೀದಿಗೆ ಹೋದವಳಲ್ಲ. ಅವಳ ನಮಾಜೆಲ್ಲ ಪಡಸಾಲೆಯ ಒಂದು ಮೂಲೆಯಲ್ಲಿ, ಜ್ವಾರಿ ಚೀಲದ ಪಕ್ಕ. ಅವಳು ಸಜ್ದಾಕ್ಕೆ ಹೋದಾಗ ನಾವು ಮಕ್ಕಳು ಬೆನ್ನೇರುತ್ತಿದ್ದೆವು. ಇಳಿಯುವ ತನಕ ಏಳುತ್ತಿರಲಿಲ್ಲ. ಪ್ರವಾದಿಗಳ ಬೆನ್ನ ಮೇಲೂ ಮೊಮ್ಮಕ್ಕಳು ಹೀಗೆ ಏರುತ್ತಿದ್ದರಂತೆ ಎಂದು ಆಮೇಲೆ ಹೇಳುತ್ತಿದ್ದಳು. ಅವಳು ಬಳಸುತ್ತಿದ್ದದ್ದು ಹಸಿರು ಬಣ್ಣದ ಒಂದು ಜಾನಮಾಜು. ಅದರ ಮೇಲೆ ಮಸೀದಿಯ ಚಿತ್ರವೇನೂ ಇಲ್ಲ, ಅಂಚಿಗೊಂದು ಕಮಾನಿನ ಗೆರೆ ಅಷ್ಟೇ. ಬೆಳಕಿಗೆ ಹಿಡಿದರೆ ಅಲ್ಲಲ್ಲಿ ನೂಲು ಸವೆದು ತೆಳ್ಳಗಾಗಿರುವುದು ಕಾಣುತ್ತದೆ. ಎಣಿಸಿ ನೋಡಿದ್ದೇನೆ, ಏಳು ಕಡೆ. ಮೇಲೆ ಹಣೆಯದು, ಅದರ ಎರಡು ಬದಿಗೆ ಅಂಗೈಗಳದು, ಕೆಳಗೆ ಮೊಣಕಾಲಿನ ಎರಡು ದೊಡ್ಡ ಕಲೆ, ಇನ್ನೂ ಕೆಳಗೆ ಬೆರಳುಗಳದು.

ಆ ಜಾನಮಾಜು ಈಗ ನನ್ನ ಹತ್ತಿರ ಇದೆ. ಅವಳ ಹಣೆಯ ಕಲೆಯ ಮೇಲೆ ನನ್ನ ಹಣೆ ಇಟ್ಟರೆ, ನನ್ನ ಮೊಣಕಾಲು ಅವಳದಕ್ಕಿಂತ ನಾಲ್ಕು ಬೆರಳು ಹಿಂದೆ ಬೀಳುತ್ತದೆ.